ಪದಚರ್ಚೆ: ‘ಪ್ಲೇಯರ್ ಆಪ್ಷನ್’ಗೆ ಕನ್ನಡದಲ್ಲಿ ಏನನ್ನುವುದು?

ಮಾನ್ಯರೇ,

ಬ್ಯಾಸ್ಕೆಟ್‌ಬಾಲ್ ಆಟಗಾರ ಲೆಬ್ರಾನ್ ಜೇಮ್ಸ್ ಮತ್ತು ಅವರ ಮಗ ಬ್ರಾನಿ ಕುರಿತ ಲೇಖನದ ಅನುವಾದವನ್ನು ಇಂದು ಸಂಜೆಯೊಳಗೆ ಪುರವಣಿಗೆ ಕಳುಹಿಸಬೇಕಾಗಿದೆ. 2024ರಲ್ಲಿ ಲೆಬ್ರಾನ್ ತಮ್ಮ ಹಳೆಯ ಒಪ್ಪಂದದ ‘ಪ್ಲೇಯರ್ ಆಪ್ಷನ್’ ಅನ್ನು, ಅಂದರೆ ಒಪ್ಪಂದದ ಕೊನೆಯ ವರ್ಷ ಉಳಿಯಬೇಕೇ ಬೇಡವೇ ಎಂಬುದನ್ನು ಆಟಗಾರನೇ ತೀರ್ಮಾನಿಸುವ ಹಕ್ಕನ್ನು, ಬಳಸದೆ, ಲೇಕರ್ಸ್ ತಂಡದೊಡನೆಯೇ ಎರಡು ವರ್ಷಗಳ ಹೊಸ ಒಪ್ಪಂದ ಮಾಡಿಕೊಂಡರು. ಅದರ ಎರಡನೆಯ ವರ್ಷಕ್ಕೂ ಅಂಥದೇ ಆಪ್ಷನ್ ಇದ್ದು, 2025ರ ಜೂನ್‌ನಲ್ಲಿ ಅದನ್ನು ಬಳಸಿಕೊಂಡು ಸುಮಾರು 5.26 ಕೋಟಿ ಡಾಲರ್ ಸಂಭಾವನೆಗೆ ತಂಡದಲ್ಲಿ ಉಳಿದರು. ನಾನು ‘ಆಟಗಾರನ ಆಯ್ಕೆ’ ಎಂದು ಬರೆದಿದ್ದೆ. ಸಂಪಾದಕರು ಅರ್ಥವಾಗುವುದಿಲ್ಲವೆಂದು ಹಿಂದಿರುಗಿಸಿದ್ದಾರೆ. ಆಟಗಾರನನ್ನು ಬೇರೆ ತಂಡಕ್ಕೆ ಕೊಡದಂತೆ ತಡೆಯುವ ‘ನೋ ಟ್ರೇಡ್ ಕ್ಲಾಸ್’ ಎಂಬುದಕ್ಕೆ ‘ವ್ಯಾಪಾರ ನಿಷೇಧ ಷರತ್ತು’ ಆದೀತೇ?

ಉತ್ತರ:

ಸಂಪಾದಕರು ಹಿಂದಿರುಗಿಸಿದ್ದು ನ್ಯಾಯವೇ. ಷಷ್ಠಿ ವಿಭಕ್ತಿ ಇಲ್ಲಿ ಕರ್ತೃವಿಗೂ ಸಲ್ಲುತ್ತದೆ, ಕರ್ಮಕ್ಕೂ ಸಲ್ಲುತ್ತದೆ; ‘ಆಟಗಾರನ ಆಯ್ಕೆ’ ಎಂದೊಡನೆ ನಮ್ಮ ಓದುಗರು ಆಟಗಾರನನ್ನು ಆರಿಸುವ ಸಮಿತಿಯನ್ನೇ ನೆನೆಯುತ್ತಾರೆ. ಮೇಲಾಗಿ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ 2024ರ ಡ್ರಾಫ್ಟ್‌ನಲ್ಲಿ ಲೇಕರ್ಸ್ ತಂಡ ಬ್ರಾನಿಯನ್ನು 55ನೆಯ ಸರದಿಯಲ್ಲಿ ಆಯ್ಕೆ ಮಾಡಿಕೊಂಡದ್ದೂ ನಿಮ್ಮ ಲೇಖನದಲ್ಲಿ ಬಂದೇ ಬರುತ್ತದೆ. ತಂದೆಯದೂ ಆಯ್ಕೆ, ಮಗನದೂ ಆಯ್ಕೆ ಎಂದಾದರೆ ಯಾರು ಯಾರನ್ನು ಆರಿಸಿದರೆಂಬುದು ದೇವರಿಗೇ ಗೊತ್ತು. ‘ವಿಕಲ್ಪ’ ಎಂದು ಬರೆಯಿರಿ. ವಿಧಿಯೊಂದು ಬಂದರೂ ಸರಿ, ಬಾರದಿದ್ದರೂ ಸರಿ ಎನ್ನುವಲ್ಲಿ ವೈಯಾಕರಣರು ಬಳಸುವ ಪದವೇ ಇದು.

ಉತ್ತರ:

ವೈಯಾಕರಣರು ಕ್ರೀಡಾ ಪುಟ ಓದುವುದಿಲ್ಲ. ಉಳಿದವರಿಗೆ ವಿಕಲ್ಪವೆಂದರೆ ಸಂಕಲ್ಪದ ಬೆನ್ನಿಗೆ ಹುಟ್ಟುವ ಸಂಶಯ. ‘ಅದು ನಿಮಗೆ ಬಿಟ್ಟದ್ದು’ ಎಂದು ದಿನವೂ ಆಡುವ ನಮಗೆ ಸಂಸ್ಕೃತದ ನೆರವೇಕೆ? ‘ಆಟಗಾರನಿಗೆ ಬಿಟ್ಟ ವರ್ಷ’ ಎನ್ನಿ. ಬ್ರಾನಿಯ ನಾಲ್ಕು ವರ್ಷಗಳ ಒಪ್ಪಂದದಲ್ಲಿ ಕೊನೆಯ ವರ್ಷದ ತೀರ್ಮಾನ ತಂಡದ್ದು. ಅದು ‘ತಂಡಕ್ಕೆ ಬಿಟ್ಟ ವರ್ಷ’. ಹಕ್ಕು ಯಾರದೆಂಬುದನ್ನು ಚತುರ್ಥಿ ವಿಭಕ್ತಿ ತಾನೇ ಹೇಳುತ್ತದೆ. ಹಾಗೆಯೇ ‘ಷರತ್ತು’, ‘ಕರಾರು’ ಎಂಬ ಅರಬ್ಬೀ ಪದಗಳನ್ನು ಬಿಟ್ಟು ‘ಕಟ್ಟುಪಾಡು’, ‘ಒಪ್ಪಂದ’ ಎಂದು ಬರೆಯುವುದು ಲೇಸು.

ಉತ್ತರ:

‘ಬಿಟ್ಟ ವರ್ಷ’ವನ್ನು ಒಪ್ಪುತ್ತೇನೆ, ಆದರೆ ‘ತೀರ್ಮಾನಕ್ಕೆ ಬಿಟ್ಟ’ ಎಂದು ಬಿಡಿಸಿ ಬರೆಯಬೇಕು; ಇಲ್ಲವಾದರೆ ಆಟಗಾರ ಆ ವರ್ಷ ಆಟವನ್ನೇ ಬಿಟ್ಟನೆಂದು ಓದುವವರಿದ್ದಾರೆ. ‘ಷರತ್ತು’ ಪದವನ್ನು ಹೊರಗಟ್ಟುವ ಮಾತನ್ನು ಮಾತ್ರ ಒಪ್ಪಲಾರೆ. ಪದದ ಹುಟ್ಟೂರು ನೋಡಿ ಹೊರಗಟ್ಟುವುದಾದರೆ ವಕೀಲ, ಜಾಮೀನು, ತಕರಾರುಗಳೂ ಹೊರಡಬೇಕಾಗುತ್ತದೆ, ಆಮೇಲೆ ನ್ಯಾಯಾಲಯದಲ್ಲಿ ಬಾಯಿ ಬಿಡುವಂತಿಲ್ಲ. ‘ಕಟ್ಟುಪಾಡು’ ಊರಿನದೋ ಜಾತಿಯದೋ ಆಗಿರುತ್ತದೆ. ಇಬ್ಬರು ಸಹಿ ಹಾಕಿದ ಪತ್ರದ ಒಂದು ಕಲಮಿಗೆ ಅದು ಒಗ್ಗದು.

‘ವ್ಯಾಪಾರ ನಿಷೇಧ’ ಖಂಡಿತ ಬೇಡ. ಅದು ದೇಶ ದೇಶಗಳ ನಡುವಿನ ಸಂಗತಿ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಿ ತಂಡಗಳು ಆಟಗಾರರನ್ನು ಪರಸ್ಪರ ಬದಲಾಯಿಸಿಕೊಳ್ಳುತ್ತವೆ, ಸಾಮಾನ್ಯವಾಗಿ ಆಟಗಾರನ ಒಪ್ಪಿಗೆ ಕೇಳುವುದಿಲ್ಲ. ಲೀಗ್‌ನಲ್ಲಿ ಎಂಟು ವರ್ಷ, ಅದರಲ್ಲಿ ಆ ತಂಡದಲ್ಲೇ ನಾಲ್ಕು ವರ್ಷ ಆಡಿದವರು ಮಾತ್ರ ಇದಕ್ಕೆ ತಡೆ ಹಾಕುವ ಷರತ್ತನ್ನು ಒಪ್ಪಂದದಲ್ಲಿ ಸೇರಿಸಿಕೊಳ್ಳಬಹುದು. 2024ರ ಒಪ್ಪಂದದಲ್ಲಿ ಲೆಬ್ರಾನ್ ಅದನ್ನು ಪಡೆದರು. ‘ಸಮ್ಮತಿಯಿಲ್ಲದೆ ಬೇರೆ ತಂಡಕ್ಕೆ ಕೊಡಬಾರದೆಂಬ ಷರತ್ತು’ ಎಂದು ಬರೆಯಿರಿ. ಉದ್ದವಾಯಿತೆಂದು ಕತ್ತರಿಸಬೇಡಿ. 2024ರ ಅಕ್ಟೋಬರ್ 22ರಂದು ಮಿನ್ನೆಸೋಟ ತಂಡದ ವಿರುದ್ಧ ತಂದೆ ಮಗ ಒಟ್ಟಿಗೆ ಅಂಕಣಕ್ಕಿಳಿದು ಎನ್‌ಬಿಎಯಲ್ಲಿ ಅಂಥ ಮೊದಲ ಜೋಡಿಯಾದರೆಂದು ಬರೆಯುವ ಲೇಖನದಲ್ಲಿ, ಆ ಒಪ್ಪಂದದಂತೆ ತಂದೆಯನ್ನು ಅಲ್ಲಿಂದ ಕದಲಿಸಲು ಅವರದೇ ಒಪ್ಪಿಗೆ ಬೇಕಿತ್ತು, ಮಗನಿಗೆ ಆ ರಕ್ಷಣೆ ಇರಲಿಲ್ಲ ಎಂಬುದು ಓದುಗರಿಗೆ ತಿಳಿಯಲೇಬೇಕು.

ಉತ್ತರ:

‘ಕಲಮು’ ಕೂಡ ಅರಬ್ಬೀ ಪದವೇ. ಇನ್ನು ನನ್ನದೇನೂ ಇಲ್ಲ.