ಅಮೆರಿಕದ ಮೊಂಟಾನಾದಲ್ಲಿ ಮೇ ತಿಂಗಳ ಕರಡಿ ಬೇಟೆ: ಮೊದಲ ಸಲ, ಎಲ್ಲಿ ಕೂತು ನೋಡಲಿ?

ಮಿಸೌಲಾವಾಸಿ:
ಎಲ್ಲರಿಗೂ ನಮಸ್ಕಾರ. ಜಿಂಕೆ, ಎಲ್ಕ್ ಬೇಟೆ ಅಭ್ಯಾಸ ಇದೆ, ಕಪ್ಪು ಕರಡಿ ಇದೇ ಮೊದಲು. ಮೇ ಕೊನೆಯಲ್ಲಿ ಗೆಳೆಯನ ಜೊತೆ ಟೆಂಟ್ ಹೊತ್ತು ಬಿಟರ್‌ರೂಟ್ ಬೆಟ್ಟಗಳಿಗೆ ಹೋಗಬೇಕು ಅಂತಿದ್ದೀನಿ. ಕರಡಿ ಗುರುತಿಸುವ ಪರೀಕ್ಷೆ ಪಾಸಾಗಿ ಲೈಸೆನ್ಸ್ ತಗೊಂಡಾಯ್ತು. ನಕ್ಷೆ ಬಿಚ್ಚಿದರೆ ಬರೀ ಕಾಡು. ಎಲ್ಲಿ ಹುಡುಕಲಿ? ದಿನಕ್ಕೆ ಎಷ್ಟು ನಡೀಬೇಕು? ಕರಡಿ ಮಾಂಸ ತಿಂದರೆ ಕಾಯಿಲೆ ಬರುತ್ತೆ ಅಂತ ಮನೆಯಲ್ಲಿ ಹೆದರಿದ್ದಾರೆ, ಅದನ್ನೂ ಹೇಳಿ.

ಹಳೇಬೂಟು:
ತಮ್ಮಾ, ಕಾಲಿಗಿಂತ ಕಣ್ಣಿಗೆ ಕೆಲಸ ಕೊಡು. ಚಳಿಗಾಲವೆಲ್ಲ ಮಲಗಿ ಎದ್ದ ಕರಡಿಗೆ ಬೇಕಾಗಿರೋದು ಎಳೆ ಹುಲ್ಲು. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಲ್ಲಿ ಹಿಮ ಮೊದಲು ಕರಗುತ್ತೆ, ಹಸಿರೂ ಅಲ್ಲೇ ಮೊದಲು. ಹಿಮಕುಸಿತದಿಂದ ಬೋಳಾದ ಪಟ್ಟಿಗಳು, ಮರದ ದಿಮ್ಮಿ ಸಾಗಿಸ್ತಿದ್ದ, ಈಗ ಗೇಟ್ ಹಾಕಿ ಬಿಟ್ಟಿರೋ ಹಳೇ ಲಾರಿ ರಸ್ತೆಗಳನ್ನ ನಕ್ಷೆಯಲ್ಲಿ ಗುರುತು ಹಾಕ್ಕೋ. ಆ ರಸ್ತೆಗಳ ಮೇಲೆ ಕ್ಲೋವರ್, ಡ್ಯಾಂಡೆಲಿಯನ್ ಚೆನ್ನಾಗಿ ಬೆಳೆಯುತ್ತೆ. ಹಿಮದ ಅಂಚು ಮೇಲೇರಿದ ಹಾಗೆ ಕರಡಿಯೂ ಮೇಲೇರುತ್ತೆ. ಎದುರು ಗುಡ್ಡದಲ್ಲಿ ಕೂತು ಬೈನಾಕ್ಯುಲರ್ ಹಿಡಿ. ಕತ್ತಲಾಗೋ ಮುಂಚಿನ ಎರಡು ಮೂರು ಗಂಟೆ ಬಂಗಾರದ ಹೊತ್ತು, ಆಗ ಟೆಂಟ್ ಕಡೆ ಹೆಜ್ಜೆ ಹಾಕಬೇಡ.

ಕಂಡ ತಕ್ಷಣ ಓಡಬೇಡ. ನನ್ನ ಮಟ್ಟಿಗೆ ಈ ಬೇಟೆಯ ಅರ್ಧ ಭಾಗ ಕರಡಿ ಸಿಕ್ಕಿದ ಮೇಲೆ ಕೂತು ನೋಡೋದೇ. ಮೊದಲು, ಅದು ಗ್ರಿಜ್ಲಿಯಾ, ಅಂದರೆ ದೊಡ್ಡ ಕಂದು ಕರಡಿಯಾ? ಅಲಾಸ್ಕಾ ಬಿಟ್ಟು ಅಮೆರಿಕದ ಈ ಭಾಗದಲ್ಲಿ 1975ರಿಂದ ಅದಕ್ಕೆ ಕಾನೂನಿನ ರಕ್ಷಣೆ ಇದೆ. ಬಣ್ಣ ನಂಬಬೇಡ, ಕಪ್ಪು ಕರಡಿಯೇ ಕಂದು, ದಾಲ್ಚಿನ್ನಿ, ಹೊಂಬಣ್ಣದಲ್ಲೂ ಇರುತ್ತೆ. ಗ್ರಿಜ್ಲಿಗಿರೋ ಭುಜದ ಗೂನು, ಒಳಕ್ಕೆ ತಗ್ಗಿದ ಮುಖ, ಗಿಡ್ಡ ದುಂಡು ಕಿವಿ, ಉದ್ದನೆ ಮುಂಗಾಲುಗುರು, ಇವನ್ನೆಲ್ಲ ಒಟ್ಟಿಗೆ ನೋಡು. ಒಂದೇ ಲಕ್ಷಣ ಹಿಡಿದು ತೀರ್ಮಾನ ಮಾಡಬೇಡ.

ಆಮೇಲೆ ಮರಿ. ತಾಯಿ ಬಯಲಲ್ಲಿ ಮೇಯ್ತಾ ಇದ್ದರೆ ಮರಿ ಮರದ ಮೇಲಿರಬಹುದು, ಪೊದೆಯಲ್ಲಿ ಮಲಗಿರಬಹುದು. ಮರಿ ಜೊತೆಗಿರೋ ತಾಯಿಯನ್ನ ಹೊಡೆಯೋದು ಕಾನೂನುಬಾಹಿರ. ಅದಕ್ಕಿಂತ ಹೆಚ್ಚಾಗಿ, ಅದೇ ವರ್ಷ ಹುಟ್ಟಿದ ಮರಿ ತಾಯಿಯಿಲ್ಲದೆ ಉಳಿಯೋದು ಕಷ್ಟ. ಅನುಮಾನ ಇದ್ದರೆ ಆ ಕರಡಿಯನ್ನ ಬಿಟ್ಟುಬಿಡು, ದಯವಿಟ್ಟು.

ಸಂಜೆಗಾಳಿ:
ಹಳೇಬೂಟು ಅಣ್ಣ ಗಾಳಿ ವಿಷಯ ಬಿಟ್ಟರು. ಬಿಸಿಲಲ್ಲಿ ಗಾಳಿ ಇಳಿಜಾರು ಹತ್ತುತ್ತೆ, ಸಂಜೆ ತಂಪಾದಾಗ ಕೆಳಗಿಳಿಯುತ್ತೆ. ಆ ಗಾಳಿ ನಿಮ್ಮ ವಾಸನೆಯನ್ನ ಕರಡಿಯ ಕಡೆ ಒಯ್ಯದ ಹಾಗೆ ಕೂರಿ, ಅದರ ಮೂಗಿನ ಮುಂದೆ ಯಾವ ಉಪಾಯವೂ ನಡೆಯಲ್ಲ. ಇನ್ನೊಂದು, ಕರಡಿಯನ್ನ ಸೆಳೆಯೋಕೆ ತಿನಿಸು ಇಡೋದು ಮೊಂಟಾನಾದಲ್ಲಿ ನಿಷಿದ್ಧ. ಬೆಟ್ಟದಾಚೆ ಐಡಾಹೋದಲ್ಲಿ ಕೆಲವು ಕಡೆ ಬಿಡ್ತಾರೆ, ಅವರ ವಿಡಿಯೋ ನೋಡಿ ಇಲ್ಲಿ ಮಾಡಬೇಡಿ.

ಮಿಸೌಲಾವಾಸಿ:
ತುಂಬಾ ಉಪಕಾರ ಆಯ್ತು. ಮಾಂಸದ ಬಗ್ಗೆ?

ಹಳೇಬೂಟು:
ಭಯಕ್ಕೆ ಕಾರಣ ಟ್ರೈಕಿನೆಲ್ಲಾ ಅನ್ನೋ ಹುಳ. ಫ್ರೀಜರ್‌ನಲ್ಲಿಟ್ಟರೆ ಸಾಯುತ್ತೆ ಅಂತ ನಂಬಬೇಡ, ಕಾಡುಪ್ರಾಣಿಗಳಲ್ಲಿರೋ ಕೆಲವು ಜಾತಿಗಳು ಹೆಪ್ಪುಗಟ್ಟಿದರೂ ಬದುಕುತ್ತವೆ. ಒಣಗಿಸೋದು, ಹೊಗೆಯಲ್ಲಿ ಇಡೋದೂ ಭರವಸೆ ಅಲ್ಲ. ಮಾಂಸದ ಒಳಭಾಗ 71 ಡಿಗ್ರಿ ಸೆಲ್ಸಿಯಸ್, ಅಂದರೆ 160 ಫ್ಯಾರನ್‌ಹೀಟ್, ಮುಟ್ಟಬೇಕು. ಥರ್ಮಾಮೀಟರ್ ಚುಚ್ಚಿ ನೋಡಿ, ಮನೆಯವರಿಗೂ ತೋರಿಸು. ನಿಧಾನವಾಗಿ ಬೇಯಿಸಿದರೆ ಬಹಳ ರುಚಿ.

ಕೂದಲು, ಕೊಬ್ಬು ಶಾಖ ಹಿಡಿದಿಡುತ್ತವೆ, ಹಾಗಾಗಿ ಕೂಡಲೇ ಚರ್ಮ ಸುಲಿದು ಮಾಂಸ ನೆರಳಲ್ಲಿ ನೇತು ಹಾಕು, ಟೆಂಟ್‌ನಿಂದ ದೂರ. ಕರಡಿ ಮೇಲೆ ಬಿದ್ದರೆ ಎರಚೋ ಖಾರದ ಸ್ಪ್ರೇ ಚೀಲದೊಳಗೆ ಬೇಡ, ಸೊಂಟದಲ್ಲಿರಲಿ. ಚರ್ಮ, ತಲೆಬುರುಡೆ ಇಲಾಖೆಗೆ ತೋರಿಸೋ ನಿಯಮ ನೀನು ಬೇಟೆಯಾಡೋ ಜಿಲ್ಲೆಗೆ ಹೇಗಿದೆ ಅಂತ ಈ ವರ್ಷದ ಬೇಟೆ ನಿಯಮಗಳ ಪುಸ್ತಿಕೆಯಲ್ಲೇ ಓದು.

ಹೊಳೆ ದಾಟೋದಿದ್ದರೆ ಬೆಳಿಗ್ಗೆಯೇ ದಾಟು. ಬಿಸಿಲೇರಿದ ಹಾಗೆ ಹಿಮದ ನೀರು ಸೇರಿ ಸಂಜೆಗೆ ಉಕ್ಕುತ್ತೆ. ಮಾಂಸ ಹೊತ್ತು ವಾಪಸ್ ಬರೋ ದಾರಿಯಲ್ಲಿ ಹೊಳೆಯೇ ಇಲ್ಲದ ಜಾಗ ಆರಿಸಿಕೊಂಡರೆ ಇನ್ನೂ ಒಳ್ಳೇದು.