ಸಹಾಯ ಬೇಕು: ಚಿತ್ರಪುಸ್ತಕದ ಹಸ್ತಪ್ರತಿಯನ್ನು ಏಜೆಂಟರಿಗೆ ಕಳುಹಿಸಿದವರು ಇದ್ದೀರಾ?

ನಮಸ್ಕಾರ. ನಾನು ಬಾಗಲಕೋಟೆಯವಳು. ಇಳಕಲ್ ಸೀರೆಯ ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಕೊಂಡಿ ಹಾಕಿ ಜೋಡಿಸುವುದನ್ನು ಅಜ್ಜಿಯಿಂದ ಕಲಿಯುವ ಹುಡುಗಿಯ ಕಥೆಯನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದಿದ್ದೇನೆ. ಇಂಗ್ಲಿಷ್ ಪ್ರತಿಯನ್ನು ಸಾಹಿತ್ಯ ಏಜೆಂಟರಿಗೆ, ಅಂದರೆ ಲೇಖಕರ ಪರವಾಗಿ ಪ್ರಕಾಶಕರೊಡನೆ ವ್ಯವಹರಿಸುವವರಿಗೆ, ಕಳುಹಿಸುವ ಆಸೆಯಿದೆ.

ಚಿತ್ರಪುಸ್ತಕ ಸಾಮಾನ್ಯವಾಗಿ 32 ಪುಟ, ಪಠ್ಯ ಸುಮಾರು 500 ಪದಗಳೊಳಗೆ ಇದ್ದರೆ ಒಳ್ಳೆಯದು, ಕಲಾವಿದರನ್ನು ಪ್ರಕಾಶಕರೇ ಆರಿಸುತ್ತಾರೆ ಎಂಬುದು ಗೊತ್ತು. ಓದುವುದಕ್ಕೇ ಶುಲ್ಕ ಕೇಳುವ ಏಜೆಂಟರಿಂದ ದೂರವಿರಬೇಕೆಂಬುದೂ ಗೊತ್ತು. ಅವರ ಆದಾಯ ಬರಬೇಕಾದದ್ದು ಲೇಖಕರ ಗಳಿಕೆಯ ಪಾಲಿನಿಂದ, ಹೆಚ್ಚಾಗಿ ಶೇ 15ರಷ್ಟು.

ನನ್ನನ್ನು ಕಾಡುತ್ತಿರುವುದು ಚಿತ್ರ ಸೂಚನೆಗಳು, ಅಂದರೆ ಚಿತ್ರದಲ್ಲಿ ಏನಿರಬೇಕೆಂದು ಲೇಖಕರು ಹಸ್ತಪ್ರತಿಯಲ್ಲಿ ಬರೆಯುವ ಟಿಪ್ಪಣಿಗಳು. ಸೂಚನೆ ತುಂಬಿದ ಹಸ್ತಪ್ರತಿ ಏಜೆಂಟರಿಗೆ ರುಚಿಸುವುದಿಲ್ಲ. ಕಲಾವಿದರಿಗೆ ಜಾಗ ಬಿಡಬೇಕು ಎನ್ನುತ್ತಾರೆ. ಅದು ನ್ಯಾಯವೇ. ಆದರೆ ಅಜ್ಜಿ ಕುಣಿಯೊಳಗೆ ಕಾಲಿಳಿಸಿ ಕುಳಿತು ನೇಯುತ್ತಾಳೆ. ಕುಣಿಮಗ್ಗವನ್ನೇ ಕಾಣದ ಕಲಾವಿದರು ಅದನ್ನು ಹೇಗೆ ಚಿತ್ರಿಸಬೇಕು? ಕೊಂಡಿ ಹಾಕುವ ಬೆರಳುಗಳ ಚಲನೆ ತಪ್ಪಿದರೆ ಇಳಕಲ್, ಗುಳೇದಗುಡ್ಡದ ಮಕ್ಕಳು ತಕ್ಷಣ ಗುರುತಿಸುತ್ತಾರೆ. ಇದನ್ನು ಪಠ್ಯದೊಳಗೆ ತಿಳಿಸಬೇಕೇ, ಪ್ರತ್ಯೇಕ ಟಿಪ್ಪಣಿಯಾಗಿ ಕಳುಹಿಸಬೇಕೇ?

ಇನ್ನೊಂದು ಪ್ರಶ್ನೆ: ಬೆಂಗಳೂರಿನ ಪ್ರಥಮ್ ಬುಕ್ಸ್, ಚೆನ್ನೈನ ತೂಲಿಕಾ ಕನ್ನಡದಲ್ಲಿಯೂ ಚಿತ್ರಪುಸ್ತಕ ಪ್ರಕಟಿಸುತ್ತವೆ. ಕನ್ನಡ ಪ್ರತಿಯನ್ನು ಪ್ರಕಾಶಕರಿಗೆ ನೇರವಾಗಿ ಕೊಟ್ಟರೆ, ಮುಂದೆ ಏಜೆಂಟರು ಭಾಷಾಂತರ ಹಕ್ಕಿನ ಬಗ್ಗೆ ತಕರಾರು ಮಾಡಬಹುದೇ? ಇಂಥ ಒಪ್ಪಂದಕ್ಕೆ ಸಹಿ ಹಾಕಿದ ಅನುಭವವಿದ್ದವರು ದಯವಿಟ್ಟು ತಿಳಿಸಿ. ಬೆಳಗಾವಿ, ವಿಜಯಪುರದ ಶಿಕ್ಷಕರು ಯಾರಾದರೂ ಕಥೆಯನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿ, ಮಕ್ಕಳು ಎಲ್ಲಿ ಬೇಸರಪಟ್ಟರೆಂದು ಹೇಳುವುದಾದರೆ ಹಸ್ತಪ್ರತಿಯನ್ನು ಕಳುಹಿಸಿಕೊಡುತ್ತೇನೆ.