ವಿಷಯ: ಟೆನ್ಯೂರ್, ಕಾಂಪ್ಲೆಕ್ಸಿಟಿ – ಕನ್ನಡದಲ್ಲಿ ಏನನ್ನೋಣ? (ನಾಳೆಯೇ ಬೇಕು)

ಎಲ್ಲರಿಗೂ ನಮಸ್ಕಾರ. ಕಾಲೇಜಿನ ವಸ್ತುಪ್ರದರ್ಶನಕ್ಕೆ ಕಂಪ್ಯೂಟರ್ ವಿಜ್ಞಾನಿ ಸ್ಟೀಫನ್ ಕುಕ್ ಅವರ ಬಗ್ಗೆ ಒಂದು ಫಲಕ ಬರೆಯುತ್ತಿದ್ದೇನೆ. ನಾಳೆ ಹನ್ನೊಂದಕ್ಕೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು. 1966ರಲ್ಲಿ ಹಾರ್ವರ್ಡ್‌ನಲ್ಲಿ ಪಿಎಚ್‌ಡಿ ಮುಗಿಸಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಗಣಿತ ವಿಭಾಗ ಸೇರಿದ ಕುಕ್‌ಗೆ ಅಲ್ಲಿ ‘ಟೆನ್ಯೂರ್’, ಅಂದರೆ ಅಧ್ಯಾಪಕರ ಕೆಲಸ ಶಾಶ್ವತವಾಗುವುದು, ಸಿಗಲಿಲ್ಲ. 1970ರಲ್ಲಿ ಟೊರಾಂಟೊಗೆ ಹೋದರು. ನಿಘಂಟಿನ ‘ಅಧಿಕಾರಾವಧಿ’ ಹಾಕಿದರೆ ಚುನಾವಣೆ ಸೋತವರ ಕಥೆಯಾಗುತ್ತದೆ. ಇನ್ನೊಂದು, 1971ರ ಅವರ ಪ್ರಬಂಧದ ‘ಕಾಂಪ್ಲೆಕ್ಸಿಟಿ’. ‘ಸಂಕೀರ್ಣತೆ’ ನಡೆದೀತೇ?
– ಶಿರಸಿಯಿಂದ

ನಡೆಯದು. ‘ಸಂಕೀರ್ಣ’ದ ಧಾತು ‘ಕೄ’, ಚೆಲ್ಲು, ಎರಚು ಎಂದು. ‘ಸಂಕರ’ವೂ ಅದೇ ಮನೆಯದು. ಅರ್ಥ ಬೆರಕೆ. ಕುಕ್ ಏನನ್ನು ಬೆರೆಸಿದರು? ‘ಜಟಿಲತೆ’ ಎನ್ನಿ. ಟೆನ್ಯೂರಿಗೆ ‘ಸ್ಥಿರನಿಯುಕ್ತಿ’. ದಯವಿಟ್ಟು ಯಾರೂ ‘ಖಾಯಂ’ ಎನ್ನಬೇಡಿ, ಅದು ಕಚೇರಿ ಗುಮಾಸ್ತರ ಭಾಷೆ.
– ಮೈಸೂರು

ಜಟೆಯಿಂದ ಹೊರಗೆ ಬನ್ನಿ ಮೇಷ್ಟ್ರೇ. ‘ತೊಡಕು’ ಇದೆಯಲ್ಲ, ಹಳಗನ್ನಡದ ‘ತೊಡರ್’ ನೆನಪಿಲ್ಲವೇ? ಟೆನ್ಯೂರಿಗೆ ‘ನೆಲೆಗೆಲಸ’. ಸಂಸ್ಕೃತವೂ ಬೇಡ, ಪಾರಸಿಯೂ ಬೇಡ.
– ಬೆಂಗಳೂರು

ಇಬ್ಬರೂ ಬೇರು ಅಗೆದಿರಿ, ಹಣ್ಣು ನೋಡಲಿಲ್ಲ. ನಾನು ಈ ವಿಷಯ ಪಾಠ ಮಾಡುವವ. ಇಲ್ಲಿ ಕಾಂಪ್ಲೆಕ್ಸಿಟಿ ಅಂದರೆ ಗೋಜಲು ಅಲ್ಲವೇ ಅಲ್ಲ. ಮದುವೆ ಊಟಕ್ಕೆ ಬಂದವರಲ್ಲಿ ಯಾರಿಗೆ ಯಾರನ್ನು ಕಂಡರೆ ಆಗದು ಅಂತ ಪಟ್ಟಿ ಕೊಡ್ರಿ. ಆಗದವರು ಒಂದೇ ಪಂಕ್ತಿಯಲ್ಲಿ ಕೂರದಂತೆ ಎರಡು ಪಂಕ್ತಿ ಮಾಡಲಿಕ್ಕೆ ಸಾಧ್ಯವೇ ಅಂತ ಸಾವಿರ ಜನ ಇದ್ದರೂ ಕಂಪ್ಯೂಟರ್ ಚಿಟಿಕೆಯಲ್ಲಿ ಹೇಳುತ್ತದೆ. ಮೂರು ಪಂಕ್ತಿ ಅನ್ನಿ, ಮುಗೀತು. ಯಾವ ಪಟ್ಟಿ ಕೊಟ್ಟರೂ ಬೇಗ ಉತ್ತರಿಸುವ ಆಲ್ಗಾರಿದಮ್ (ಲೆಕ್ಕ ಬಿಡಿಸುವ ಹಂತಹಂತದ ವಿಧಾನ) ಇವತ್ತಿನವರೆಗೂ ಯಾರಿಗೂ ಸಿಕ್ಕಿಲ್ಲ. ಪ್ರಶ್ನೆಯಲ್ಲಿ ತೊಡಕು ಹೆಚ್ಚಾಯಿತೇನು? ಇಲ್ಲ, ‘ಎರಡು’ ಹೋಗಿ ‘ಮೂರು’ ಬಂತು ಅಷ್ಟೇ. ಏರಿದ್ದು ಖರ್ಚು: ಕಾಲದ ಖರ್ಚು, ಜಾಗದ ಖರ್ಚು. ಹಾಗಾಗಿ ‘ಲೆಕ್ಕದ ಖರ್ಚು’ ಅನ್ನಿ. ಕುಕ್‌ಗೆ 1982ರಲ್ಲಿ ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂದದ್ದು ಇಂಥ ಸಮಸ್ಯೆಗಳನ್ನು ಒಂದೇ ದಾರಕ್ಕೆ ಕಟ್ಟಿದ್ದಕ್ಕೆ: ಒಂದಕ್ಕೆ ಬೇಗದ ದಾರಿ ಸಿಕ್ಕರೆ ಎಲ್ಲಕ್ಕೂ ಸಿಕ್ಕಂತೆ. ಆ 1971ರ ಪ್ರಬಂಧದ ಮರುವರ್ಷ, 1972ರಲ್ಲಿ, ಬರ್ಕ್ಲಿಯಲ್ಲೇ ಇದ್ದ ಕಂಪ್ಯೂಟರ್ ವಿಜ್ಞಾನಿ ರಿಚರ್ಡ್ ಕಾರ್ಪ್ 21 ಸಮಸ್ಯೆ ತಂದು ಅದೇ ದಾರಕ್ಕೆ ಪೋಣಿಸಿದರು. ಕುಕ್‌ರನ್ನು ಕಳೆದುಕೊಂಡ ಊರಿನಿಂದಲೇ!

ಆಮೇಲೆ ಅವರಿಗೂ ನಮ್ಮ ಪಾಡೇ. ಈ ಸಮಸ್ಯೆಗಳನ್ನು ಏನಂತ ಕರೆಯೋಣ ಅಂತ ಇನ್ನೊಬ್ಬ ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತ್ ಅಂಚೆಯಲ್ಲಿ ಮತ ಕೇಳಿದರು. ‘ಹರ್ಕ್ಯುಲಿಯನ್’ ಅಂತೆಲ್ಲ ಅವರೇ ಕೊಟ್ಟ ಪದಗಳು ಬಿದ್ದುಹೋಗಿ ‘ಎನ್‌ಪಿ ಕಂಪ್ಲೀಟ್’ ನಿಂತಿತು. ಧಾತು ಕೇಳಿ ಯಾರೂ ಮತ ಹಾಕಲಿಲ್ಲ.

ಟೆನ್ಯೂರಿಗೆ ‘ಖಾಯಂ ಹುದ್ದೆ’. ಅತಿಥಿ ಉಪನ್ಯಾಸಕರನ್ನು ಕೇಳಿ, ಆ ಪದದ ಭಾರ ಹೇಳುತ್ತಾರೆ.
– ಧಾರವಾಡ

‘ಖರ್ಚು’ ಪಾರಸಿ.
– ಬೆಂಗಳೂರು

ಆಲ್ಗಾರಿದಮ್ ಅನ್ನೋದು ಖ್ವಾರಿಜ್ಮ್ ಕಡೆಯ ಒಬ್ಬ ಗಣಿತಜ್ಞನ ಹೆಸರು. ಅಲ್ ಖ್ವಾರಿಜ್ಮಿ. ಅದನ್ನೂ ಬಿಡ್ತೀರೇನು?
– ಧಾರವಾಡ

ಎರವಲು ಬೇರೆ, ಹೆಸರು ಬೇರೆ. ಇಂಗ್ಲಿಷಿನವರು ಮಾಡಿದ್ದೆಲ್ಲ ನಮಗೆ ಕಟ್ಟಳೆಯಲ್ಲ.
– ಬೆಂಗಳೂರು

‘ಖಾಯಂ’ ಹಾಕುವುದೇ ಆದರೆ ‘ಕಾಯಂ’ ಎಂದು ಬರೆಯಿರಿ. ಮೂಲದಲ್ಲಿ ಮಹಾಪ್ರಾಣವಿಲ್ಲ.
– ಮೈಸೂರು

ಎಲ್ಲರಿಗೂ ಧನ್ಯವಾದ. ‘ಕಾಯಂ ಹುದ್ದೆ’ ಹಾಕಿದೆ. ಶೀರ್ಷಿಕೆಯಲ್ಲಿ ‘ಸಂಕೀರ್ಣತೆ’ ಉಳಿಸಿ, ಕೆಳಗೆ ‘ಅಂದರೆ ಲೆಕ್ಕದ ಖರ್ಚು’ ಎಂದು ಮೂರು ಪಂಕ್ತಿಯ ಕಥೆ ಸೇರಿಸಿದ್ದೇನೆ (ಮೈಸೂರಿನವರು ಕ್ಷಮಿಸಬೇಕು). ಅಂಗಡಿಯವರು ಯೂನಿಕೋಡ್ ಬೇಡ, ‘ನುಡಿ’ ತಂತ್ರಾಂಶದಲ್ಲಿ ಕೊಡಿ ಅನ್ನುತ್ತಿದ್ದಾರೆ, ಒತ್ತಕ್ಷರ ಒಡೆಯುತ್ತವಂತೆ. ಯಾರಾದರೂ ಈಗಲೇ ಬದಲಾಯಿಸಿ ಕೊಡುತ್ತೀರಾ?
– ಶಿರಸಿಯಿಂದ